ಪರವೂರ ದೊರೆಯ ಅಂಗೈ

ನಮ್ಮ ಸೀಮೆಯಲ್ಲಿ ಕೊಲೆಯಾದವರ ಕಣ್ಣು ತಾನಾಗಿ ಮುಚ್ಚುವುದಿಲ್ಲ. ಕಾಯಿಲೆಯಿಂದ ಸತ್ತವರದು ಮುಚ್ಚುತ್ತದೆ, ವಯಸ್ಸಾಗಿ ಸತ್ತವರದು ಮುಚ್ಚುತ್ತದೆ, ಬಾವಿಗೆ ಬಿದ್ದವರದೂ ಹೆಂಡತಿಯೋ ಮಗನೋ ಒಂದು ಸಲ ಸವರಿದರೆ ಮುಚ್ಚುತ್ತದೆ. ಮುಖ ಮುಚ್ಚಿಕೊಂಡು ಊರಿಗೆ ನುಗ್ಗಿ ಕಡಿದು ಹೋಗುವ ಮುಸುಕಿನವರ ಕತ್ತಿಗೆ ಬಿದ್ದವರದು ಮಾತ್ರ ಇಲ್ಲ. ತಾಯಿ ಸವರಿದರೂ ಇಲ್ಲ, ಪೂಜಾರಿ ಸವರಿದರೂ ಇಲ್ಲ. ಆ ಊರಿನ ದೊರೆಯೇ ಬಂದು ಅತ್ತು ಕರೆದು ಸವರಿದರೂ ಇಲ್ಲ. ಅದು ಕಾಯಬೇಕಾಗಿದ್ದ ಕೈ. ಕಾಯದೆ ಹೋದ ಮೇಲೆ ಅದರ ಮಾತನ್ನು ರೆಪ್ಪೆ ಕೇಳುವುದಿಲ್ಲ. ಬೇರೆ ಊರಿನ ದೊರೆಯೊಬ್ಬ ಬರಬೇಕು. ಬಂದು ತಲೆಯ ಹತ್ತಿರ ಮಂಡಿಯೂರಬೇಕು, ಬಲ ಅಂಗೈಯನ್ನು ಕಣ್ಣಿನ ಮೇಲಿಡಬೇಕು, "ನಾನು ಬಂದಿದ್ದೇನೆ, ನೀನು ನೋಡಿದ್ದು ಸಾಕು" ಎನ್ನಬೇಕು. ಆಗ ಮುಚ್ಚುತ್ತದೆ. ಅಲ್ಲಿಯವರೆಗೆ ಸತ್ತವನು ತಾನು ಕೊನೆಗೆ ನೋಡಿದ್ದನ್ನೇ ನೋಡುತ್ತಿರುತ್ತಾನೆ. ಕತ್ತಿಯನ್ನು ನೋಡಿದ್ದರೆ ಕತ್ತಿಯನ್ನೇ ನೋಡುತ್ತಿರುತ್ತಾನೆ.

ಈ ಕಟ್ಟಳೆಯನ್ನು ಯಾರು ಮಾಡಿದರೋ ಗೊತ್ತಿಲ್ಲ. ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ ಮಾಡಿರಬೇಕು. ಒಂದೂರಿನ ನೋವಿಗೆ ಇನ್ನೊಂದೂರು ನಡೆದು ಬರಲಿ, ಒಬ್ಬ ದೊರೆ ಇನ್ನೊಬ್ಬ ದೊರೆಯ ಅಂಗಳದಲ್ಲಿ ಮಂಡಿಯೂರಲಿ ಅಂತ. ಅದು ನಮ್ಮಂಥವರ ಕೈಗೆ ಸಿಕ್ಕರೆ ಏನಾಗುತ್ತದೆ ಅನ್ನುವುದನ್ನು ಪಾಪ ಅವರು ಯೋಚಿಸಿರಲಿಲ್ಲ.

ನಮ್ಮೂರು ದೊಡ್ಡದೂ ಅಲ್ಲ, ತೀರಾ ಚಿಕ್ಕದೂ ಅಲ್ಲ. ಚಾಪೆ ನೇಯುತ್ತೇವೆ, ಮಾರುತ್ತೇವೆ, ಮಾರಿ ಬಂದ ಮೇಲೆ ಕಟ್ಟೆಯ ಮೇಲೆ ಕೂತು ಲೋಕಕ್ಕೆಲ್ಲ ಬುದ್ಧಿ ಹೇಳುತ್ತೇವೆ. ನಮಗೊಬ್ಬ ದೊರೆಯಿದ್ದಾನೆ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಕಥೆ ಕೇಳಿದವರು ಎಲ್ಲವನ್ನೂ ಅವನ ತಲೆಗೆ ಕಟ್ಟಿ ನಮ್ಮನ್ನು ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಡಿ.

ಬಹಳ ದೂರದಲ್ಲಿ ಏಳು ಬಾಗಿಲ ಪಟ್ಟಣ ಅಂತ ಒಂದಿದೆ. ಎಲ್ಲ ಊರಿನವರೂ ಅದರ ಕಡೆಗೆ ಮುಖ ಮಾಡಿ ಬದುಕುವಂಥ ಪಟ್ಟಣ. ಒಮ್ಮೆ ಅಲ್ಲಿಗೆ ಮುಸುಕಿನವರು ನುಗ್ಗಿ ಸಂತೆಯಲ್ಲಿದ್ದವರನ್ನು ಕಡಿದರು. ಸೀಮೆಯ ದೊರೆಗಳೆಲ್ಲ ಓಡಿದರು. ಸತ್ತವರ ಕಣ್ಣು ಮುಚ್ಚಿದ ಮೇಲೆ ಅವರೆಲ್ಲ ತೋಳಿಗೆ ತೋಳು ಸೇರಿಸಿ ರಾಜಬೀದಿಯಲ್ಲಿ ಸಾಲಾಗಿ ನಡೆದರು. ಪಟ್ಟಣದ ಚಿತ್ರಗಾರ ಆ ಸಾಲನ್ನು ಬಟ್ಟೆಯ ಮೇಲೆ ಬರೆದು ಊರೂರಿಗೆ ಒಂದೊಂದು ಪಟ ಕಳಿಸಿದ. ನಮ್ಮ ದೊರೆ ಆ ಸಲ ಹೋಗಿರಲಿಲ್ಲ. ಅವನಿಗೆ ಹಲ್ಲುನೋವು. ದವಡೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ. ಪಟ ಬಂತು, ಬಿಚ್ಚಿ ನೋಡಿದರೆ ಸಾಲಿನ ನಡುವೆ ಒಂದಾಳು ನಿಲ್ಲುವಷ್ಟು ಜಾಗ ಖಾಲಿ ಬಿಟ್ಟು ಅದರ ಕೆಳಗೆ ನಮ್ಮೂರ ಹೆಸರು ಬರೆದಿತ್ತು.

ಆಮೇಲೆ ನಾವು ಪಟ್ಟ ಪಾಡು ಕೇಳಬೇಡಿ. ಚಾಪೆ ಹೊತ್ತು ಹೋದ ಕಡೆಯಲ್ಲೆಲ್ಲ "ಓ, ಖಾಲಿ ಜಾಗದವರಾ? ಬನ್ನಿ ಬನ್ನಿ" ಎಂದು ನಕ್ಕರು. ಹೆಣ್ಣು ನೋಡಲು ಬಂದವರು ಕಟ್ಟೆಯ ಮೇಲೆ ತೂಗುಹಾಕಿದ್ದ ಪಟ ನೋಡಿ, ಉಪ್ಪಿಟ್ಟು ತಿಂದು ಮುಗಿಸಿ, ಹೇಳದೆ ಕೇಳದೆ ಎದ್ದು ಹೋದರು. ನಮ್ಮ ಮುಖಕ್ಕೆ ಮಸಿ ಬಳಿದಂತಾಯಿತು. ಅಲ್ಲಿ ಎಷ್ಟು ಜನ ಸತ್ತಿದ್ದರು, ಅವರ ಮನೆಯವರು ಏನಾದರು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನಮಗೆ ಆ ಖಾಲಿ ಜಾಗದ್ದೇ ದುಃಖ.

ಆದ್ದರಿಂದ ಎರಡನೆಯ ಸಲ ಪಟ್ಟಣಕ್ಕೆ ಮುಸುಕಿನವರು ನುಗ್ಗಿದರು ಎಂದು ಡಂಗುರದವನು ಬಂದು ಸಾರಿದಾಗ ನಾವು ಸುಮ್ಮನಿರಲಿಲ್ಲ. ದೊರೆಯ ಮನೆಯ ಮುಂದೆ ಗುಂಪುಗೂಡಿದೆವು.

ದೊರೆ ಹೊರಗೆ ಬಂದು ಜಗಲಿಯ ಮೇಲೆ ಕೂತ. ಹಿಂದೆ ಅವನ ಛತ್ರಿಯವನು ನಿಂತ. ಈ ಛತ್ರಿಯವನು ದೊರೆ ಎಲ್ಲಿ ಹೋದರೂ ಹಿಂದೆಯೇ ಛತ್ರಿ ಹಿಡಿದು ನಡೆಯುವವನು, ಮಾತು ಕಡಿಮೆ.

"ಅಷ್ಟು ದೂರ ಹೋಗಿ ನಾನೇನು ಮಾಡಲಿ? ಅಲ್ಲಿಗೆ ದೊರೆಗಳು ಬೇಕಾದಷ್ಟು ಬರ್ತಾರೆ. ಕಣ್ಣು ಮುಚ್ಚೋಕೆ ಕೈ ಕಮ್ಮಿಯಾಗಲ್ಲ" ಎಂದ ದೊರೆ.

"ಕಣ್ಣಿನ ಮಾತು ಬಿಡಿ ಒಡೆಯಾ. ಜಾಗದ ಮಾತು ಹೇಳಿ. ಇನ್ನೊಂದು ಸಲ ಖಾಲಿ ಬಿಟ್ರೆ ನಾವು ತಲೆ ಎತ್ಕೊಂಡು ತಿರುಗೋದು ಹೇಗೆ?" ಎಂದೆವು.

"ಹಲ್ಲುನೋವು ಅಂತ ಈ ಸಲ ಹೇಳೋಕಾಗಲ್ಲ" ಎಂದು ಗುಂಪಿನಲ್ಲಿ ಯಾರೋ ಕುಟುಕಿದರು. ಎಲ್ಲರೂ ನಕ್ಕೆವು. ದೊರೆಯ ಮುಖ ಕೆಂಪಾಯಿತು. ಪಲ್ಲಕ್ಕಿ ತರಿಸಿದ.

ಊರ ಬಾಗಿಲು ದಾಟುವಾಗ ಒಬ್ಬ ಹೆಂಗಸು ಪಲ್ಲಕ್ಕಿಗೆ ಅಡ್ಡ ನಿಂತಳು. ಕಾಲಿನ ತುಂಬ ಬಿಳಿ ಉಪ್ಪು ಒಣಗಿ ಬಿರುಕುಬಿಟ್ಟಿತ್ತು. ಪಕ್ಕದ ಉಪ್ಪಿನೂರಿನವಳು ಎಂದು ಅದರಿಂದಲೇ ಗೊತ್ತಾಯಿತು. ಉಪ್ಪಿನೂರು ನಮಗೆ ಅರ್ಧ ದಿನದ ದಾರಿ. ಅಲ್ಲಿಯವರು ಸಮುದ್ರದ ನೀರನ್ನು ಗದ್ದೆಗೆ ಕಟ್ಟಿ ಉಪ್ಪು ಬೆಳೆಯುತ್ತಾರೆ. ನಮ್ಮ ಅಡುಗೆಮನೆಯ ಉಪ್ಪೆಲ್ಲ ಅವರದೇ.

"ಒಡೆಯಾ, ಮುಸುಕಿನೋರು ನಮ್ಮೂರಿಗೂ ಬಂದಿದ್ರು. ಬೆಳಗ್ಗೆ ಉಪ್ಪು ಎಳೆಯೋಕೆ ಹೋಗಿದ್ದ ನನ್ನ ಗಂಡನ್ನ ಗದ್ದೆಯೊಳಗೇ ಕಡಿದು ಹೋದ್ರು" ಎಂದಳು. ಅವಳು ಅಳುತ್ತಿರಲಿಲ್ಲ. ಅಳುವುದನ್ನು ಆಮೇಲಿಗೆ ಇಟ್ಟುಕೊಂಡವಳ ಹಾಗೆ ಕಂಡಳು. "ನಮ್ಮ ದೊರೆ ಕೈ ಇಟ್ರು, ಮುಚ್ಚಲಿಲ್ಲ. ಅವರ ಕೈಗೆ ಮುಚ್ಚಲ್ಲ ಅಂತ ನಿಮಗೆ ಗೊತ್ತಲ್ಲ. ನೀವು ಒಂದು ಗಳಿಗೆ ಬಂದು ಹೋಗಿ. ನಮ್ಮನೆಯವರು ಇನ್ನೂ ಕತ್ತಿನೇ ನೋಡ್ತಾ ಇದ್ದಾರೆ ಒಡೆಯಾ. ನಾನು ಎದುರಿಗೆ ಹೋಗಿ ಕೂತ್ರೂ ನನ್ನ ನೋಡ್ತಾ ಇಲ್ಲ."

ದೊರೆ ಪಲ್ಲಕ್ಕಿಯಿಂದ ತಲೆ ಹೊರಗೆ ಹಾಕಿದ. ಅವಳನ್ನು ನೋಡಿದ, ಬಿಸಿಲು ನೋಡಿದ, ಆಮೇಲೆ ನಮ್ಮನ್ನು ನೋಡಿದ. ಅವತ್ತು ನಮ್ಮಲ್ಲಿ ಒಬ್ಬ "ಹೋಗಿ ಬನ್ನಿ ಒಡೆಯಾ, ಅರ್ಧ ದಿನ ತಾನೇ" ಎಂದಿದ್ದರೆ ಅವನು ಇಳಿಯುತ್ತಿದ್ದ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅವನ ಒಂದು ಕಾಲು ಆಗಲೇ ಪಲ್ಲಕ್ಕಿಯಿಂದ ಕೆಳಗೆ ಇಳಿಬಿದ್ದಿತ್ತು.

ನಾವು ಕೇಳಿದ್ದು, "ಎಷ್ಟು ಜನ ಸತ್ತಿದ್ದಾರೆ?"

"ಅವರೊಬ್ಬರೇ."

"ಒಬ್ಬನೇ ತಾನೇ" ಎಂದೆವು. "ಅಲ್ಲಿ ಸಂತೆಗೆ ಸಂತೆಯೇ ಹೋಗಿದೆ. ದಾರಿ ದೂರ, ಹೊತ್ತಾಗ್ತಿದೆ. ನೀನು ಬೇರೆ ದೊರೆ ಯಾರನ್ನಾದ್ರೂ ಕರಿಯವ್ವಾ."

"ಎಲ್ಲರೂ ಪಟ್ಟಣಕ್ಕೆ ಹೋದ್ರಂತೆ. ಎಲ್ಲ ಕಡೆ ಹೋಗಿ ಬಂದೆ. ಹೊರಡದೆ ಉಳಿದಿದ್ದೋರು ಇವರೊಬ್ಬರೇ."

ದೊರೆ ಕೆಮ್ಮಿದ. "ಬರ್ತೀನಿ ತಾಯಿ. ಅಲ್ಲಿಂದ ವಾಪಸು ಬಂದವನೇ ನೇರ ನಿಮ್ಮೂರಿಗೆ ಬರ್ತೀನಿ. ಅಲ್ಲಿವರೆಗೆ ಹೇಗಾದ್ರೂ ಇಟ್ಕೊಂಡಿರು."

"ಹೆಣ ಹೇಗೆ ಇಟ್ಕೊಳ್ಳಲಿ ಒಡೆಯಾ, ಈ ಬಿಸಿಲಲ್ಲಿ?"

ನಮ್ಮಲ್ಲೊಬ್ಬ ಹೇಳಿದ, "ಉಪ್ಪು ನಿಮ್ಮೂರಲ್ಲಿ ಕಮ್ಮಿಯಾ? ಹಾಕಿಡು." ತಮಾಷೆಗೆ ಹೇಳಿದ್ದು. ಒಂದಿಬ್ಬರು ನಕ್ಕರು ಕೂಡ. ಅವಳು ಆ ಮಾತನ್ನು ಹೇಳಿದವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ದೊರೆ ಕಾಲು ಮೇಲೆ ಎಳೆದುಕೊಂಡ, ಪಲ್ಲಕ್ಕಿ ಹೊರಟಿತು, ಛತ್ರಿಯವನು ಹಿಂದೆ ತಿರುಗಿ ತಿರುಗಿ ನೋಡುತ್ತ ನಡೆದ.

ಅವಳು ಊರಿಗೆ ಹೋಗಿ ಗಂಡನನ್ನು ಉಪ್ಪಿನಲ್ಲಿ ಇಟ್ಟಳು. ಮೈಯೆಲ್ಲ ಮುಚ್ಚಿ ಮುಖ ಒಂದನ್ನು ಬಿಟ್ಟಳು, ತೆರೆದ ಕಣ್ಣಿಗೆ ಉಪ್ಪು ಬೀಳಬಾರದು ಎಂದು. ದಿನವೂ ಪಕ್ಕದಲ್ಲಿ ಕೂತು ಸೆರಗಿನಿಂದ ನೊಣ ಓಡಿಸಿದಳು. ಇದು ಅವಳ ಊರಿನವರು ಆಮೇಲೆ ಹೇಳಿದ್ದು.

ನಾವು ಇತ್ತ ದಾರಿ ಕಾಯುತ್ತಿದ್ದೆವು. ಅವಳ ಗಂಡನಿಗಾಗಿ ಅಲ್ಲ, ಪಟಕ್ಕಾಗಿ.

ಪಟ ದೊರೆಗಿಂತ ಮೊದಲೇ ಬಂತು. ಬಿಚ್ಚಿದೆವು. ಅಬ್ಬಾ! ಸಾಲಿನಲ್ಲಿ ನಮ್ಮ ದೊರೆ ಇದ್ದ, ಎರಡೂ ತೋಳುಗಳಲ್ಲಿ ಎರಡು ದೊಡ್ಡ ದೊರೆಗಳ ತೋಳು. ಅದಷ್ಟೇ ಆಗಿದ್ದರೆ ನಾವು ಅರ್ಧ ದಿನ ಕುಣಿದು ಸುಮ್ಮನಾಗುತ್ತಿದ್ದೆವೋ ಏನೋ. ಜೊತೆಗೆ ಇನ್ನೊಂದು ಪಟವಿತ್ತು, ನಮ್ಮ ದೊರೆಯೊಬ್ಬನದೇ. ಅವನು ಮೈತುಂಬ ಗಾಯವಾಗಿ ಬಿದ್ದಿದ್ದ ಒಬ್ಬನ ತಲೆಯ ಹತ್ತಿರ ಮಂಡಿಯೂರಿದ್ದ, ಅಂಗೈ ಅವನ ಕಣ್ಣಿನ ಮೇಲಿತ್ತು, ದೊರೆಯ ಮುಖದಲ್ಲಿ ಎಂಥ ಮರುಕವೆಂದರೆ ನೋಡಿದವರು ಕಣ್ಣೊರೆಸಿಕೊಂಡರು. ಪಟ್ಟಣದ ಚಿತ್ರಗಾರ ಆ ಸಲ ಬರೆದದ್ದರಲ್ಲೆಲ್ಲ ಅದೇ ಒಳ್ಳೆಯದಂತೆ. ಹಳೆಯ ಪಟವನ್ನು ಕಿತ್ತು ಬಿಸಾಡಿದೆವು. ಹೊಸ ಎರಡನ್ನೂ ಕಟ್ಟೆಯ ಮೇಲೆ ತೂಗುಹಾಕಿದೆವು.

ದೊರೆ ಬಂದಾಗ ಹೆಂಗಸರು ಆರತಿ ಎತ್ತಿದರು. ಅವನ ಬಲ ಅಂಗೈಗೆ ಗಂಧ ಹಚ್ಚಿದೆವು. ಪಟ್ಟಣದವರ ಕಣ್ಣು ಮುಚ್ಚಿದ ಅಂಗೈ ಅದು. ಊರಿನವರು ಸಾಲಾಗಿ ಬಂದು ಆ ಅಂಗೈಯನ್ನು ತಮ್ಮ ಕಣ್ಣಿಗೆ ಒತ್ತಿಕೊಂಡು ಹೋದರು, ಮಕ್ಕಳ ಕಣ್ಣಿಗೂ ಒತ್ತಿಸಿದರು. ದೊರೆ ಕೈ ಚಾಚಿಕೊಂಡು ಸುಮ್ಮನೆ ಕೂತಿದ್ದ. ಮುಖದಲ್ಲಿ ಪಟದ ಮರುಕ ಇರಲಿಲ್ಲ, ಆಯಾಸವಿತ್ತು. ಛತ್ರಿಯವನು ಮಾತ್ರ ಸಾಲಿನಲ್ಲಿ ಬರಲಿಲ್ಲ. ಛತ್ರಿ ಮಡಚಿ ಮೂಲೆಯಲ್ಲಿ ಕೂತು ನೀರು ಕುಡಿಯುತ್ತಿದ್ದ. ಚೊಂಬು ಬರಿದಾದರೆ ಮತ್ತೆ ತುಂಬಿಸಿಕೊಂಡು ಕುಡಿಯುತ್ತಿದ್ದ.

ಉಪ್ಪಿನೂರಿನಿಂದ ಹೇಳಿಕಳಿಸಿದರು. "ದೊರೆಗೆ ಪ್ರಯಾಣದ ಸುಸ್ತು" ಎಂದೆವು. ಮತ್ತೆ ಹೇಳಿಕಳಿಸಿದರು. "ಅಂಗೈಗೆ ಗಂಧ ಹಚ್ಚಿದೆ, ಒಣಗಲಿ" ಎಂದೆವು. ದೊರೆಯೂ ಇವತ್ತು ನಾಳೆ ಎಂದ. ಮೂರನೆಯ ಸಲ ಅಲ್ಲಿಂದ ಯಾರೂ ಬರಲಿಲ್ಲ. ಪೀಡೆ ಕಳೆಯಿತು ಎಂದುಕೊಂಡೆವು.

ಆಮೇಲೆ ಒಂದು ಮಧ್ಯಾಹ್ನ ಊರ ಬಾಗಿಲಲ್ಲಿ ಎತ್ತಿನ ಗಾಡಿಯ ಸದ್ದಾಯಿತು. ಉಪ್ಪಿನ ಹೆಂಗಸು ಮೂಗುದಾರ ಹಿಡಿದು ಮುಂದೆ ನಡೆಯುತ್ತಿದ್ದಳು. ಗಾಡಿಯೊಳಗೆ ಉಪ್ಪು, ಉಪ್ಪಿನೊಳಗೆ ಅವಳ ಗಂಡ. ಕೂರಿಸಿ ತಂದಿದ್ದಳು, ಬೆನ್ನಿಗೆ ಉಪ್ಪಿನ ಮೂಟೆ ಕೊಟ್ಟು. ಅವನ ಕಣ್ಣು ತೆರೆದೇ ಇತ್ತು. ಗಾಡಿ ನಮ್ಮ ಬೀದಿಯಲ್ಲಿ ಮೆಲ್ಲಗೆ ಬಂದಂತೆ ಆ ಕಣ್ಣು ಒಂದೊಂದು ಮನೆಯನ್ನೂ ನೋಡುತ್ತ ಬಂದ ಹಾಗಿತ್ತು. ಒಂದೊಂದು ಮನೆಯ ಬಾಗಿಲೂ ಪಟಪಟನೆ ಮುಚ್ಚಿಕೊಂಡಿತು. ಅವಳು ಗಾಡಿಯನ್ನು ಕಟ್ಟೆಯ ಮುಂದೆ ನಿಲ್ಲಿಸಿ, ಎತ್ತು ಬಿಚ್ಚಿ ಮರಕ್ಕೆ ಕಟ್ಟಿ, ಚಕ್ರಕ್ಕೆ ಒರಗಿ ಕೂತಳು. ಯಾರನ್ನೂ ಏನೂ ಕೇಳಲಿಲ್ಲ.

ಅವತ್ತಿನಿಂದ ನಮ್ಮೂರಿನಲ್ಲಿ ಯಾರಿಗೂ ಕಣ್ಣು ಮುಚ್ಚಲಾಗಲಿಲ್ಲ. ಬಾಗಿಲು ಮುಚ್ಚಿದೆವು, ದೀಪ ಆರಿಸಿದೆವು, ಮುಸುಕೆಳೆದು ಮಲಗಿದೆವು, ರೆಪ್ಪೆ ಕೂಡಲಿಲ್ಲ. ಬೆರಳಿನಿಂದ ಒತ್ತಿ ಹಿಡಿದರೆ ಮುಚ್ಚುತ್ತಿತ್ತು, ಬಿಟ್ಟರೆ ತೆರೆದುಕೊಳ್ಳುತ್ತಿತ್ತು. ತೊಟ್ಟಿಲ ಕೂಸುಗಳು ಕೂಡ ಕಣ್ಣು ಬಿಟ್ಟುಕೊಂಡು ಅತ್ತವು. ಒಂದು ದಿನ ತಡೆದೆವು, ಇನ್ನೊಂದು ದಿನ ತಡೆದೆವು. ಆಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಮತ್ತೆ ದೊರೆಯ ಮನೆಯ ಮುಂದೆ ಗುಂಪುಗೂಡಿದೆವು.

"ಒಡೆಯಾ, ಅದನ್ನೊಂದು ಮುಚ್ಚಿಬಿಡಿ. ನಾವು ಮಲಗಬೇಕು" ಎಂದೆವು.

ನೋಡಿ, ಆಗಲೂ ನಾವು ಹೇಳಿದ್ದು ನಮ್ಮ ನಿದ್ದೆಯ ಮಾತು.

ದೊರೆ ಬಂದ. ಅವನ ಕಣ್ಣೂ ಕೆಂಪಗಿತ್ತು. ಗಾಡಿಯ ಹತ್ತಿರ ನಿಂತು ಸುತ್ತಲೂ ಯಾರನ್ನೋ ಹುಡುಕುವಂತೆ ನೋಡಿದ. ಚಿತ್ರಗಾರನನ್ನು ಹುಡುಕಿದನೇನೋ ಎಂದು ನನಗನ್ನಿಸಿತು. ಇರಲಿಕ್ಕಿಲ್ಲ, ನನ್ನ ಮನಸ್ಸು ಕೆಟ್ಟಿತ್ತು. ಗಾಡಿ ಹತ್ತಿ ಉಪ್ಪಿನ ಮೇಲೆ ಮಂಡಿಯೂರಿದ. ಉಪ್ಪಿನ ಹೆಂಗಸು ಎದ್ದು ನಿಂತಳು. ದೊರೆ ಅಂಗೈಯನ್ನು ಕಣ್ಣಿನ ಮೇಲಿಟ್ಟು ಹೇಳಿದ, "ನಾನು ಬಂದಿದ್ದೇನೆ. ನೀನು ನೋಡಿದ್ದು ಸಾಕು."

ಅಂಗೈಯ ಕೆಳಗೆ ರೆಪ್ಪೆ ಇಳಿಯಿತು. ನಮಗೆಲ್ಲ ಒಮ್ಮೆಲೇ ಆಕಳಿಕೆ ಬಂತು. ದೊರೆ ಕೈ ತೆಗೆದ. ರೆಪ್ಪೆ ತೆರೆದುಕೊಂಡಿತು.

ಮತ್ತೆ ಇಟ್ಟ. ಮುಚ್ಚಿತು. ತೆಗೆದ. ತೆರೆಯಿತು. ಮಾತನ್ನು ಗಟ್ಟಿಯಾಗಿ ಹೇಳಿ ಇಟ್ಟ, ಪಿಸುಗುಟ್ಟಿ ಇಟ್ಟ. ಮುಚ್ಚಿದ್ದು ಮುಚ್ಚಿಯೇ ಉಳಿಯಲಿಲ್ಲ. ದೊರೆಯ ಹಣೆಯಿಂದ ಬೆವರು ಉಪ್ಪಿನ ಮೇಲೆ ತೊಟ್ಟಿಕ್ಕಿತು.

"ಪರವೂರ ದೊರೆ ಅಲ್ವಾ ಇವರು? ಯಾಕೆ ಹೀಗೆ?" ಎಂದು ಅವಳು ಕೇಳಿದಳು.

ಉತ್ತರ ಕೊಟ್ಟವನು ಛತ್ರಿಯವನು. ಅವನು ಛತ್ರಿಯನ್ನು ನೆಲಕ್ಕಿಟ್ಟು ಕಟ್ಟೆಯ ಮೇಲಿದ್ದ, ದೊರೆ ಮಂಡಿಯೂರಿದ ಪಟದ ಹತ್ತಿರ ಹೋಗಿ, ಅದರಲ್ಲಿ ಬಿದ್ದಿದ್ದವನ ಮೇಲೆ ಬೆರಳಿಟ್ಟ.

"ಇವನು ಸತ್ತಿರಲಿಲ್ಲ" ಎಂದ.

ನಮಗೆ ಅರ್ಥವಾಗಲಿಲ್ಲ.

"ನಾವು ಕೊನೆಗೆ ಹೋದ್ವಿ. ಅಷ್ಟೊತ್ತಿಗೆ ಕಣ್ಣೆಲ್ಲ ಮುಗಿದುಹೋಗಿತ್ತು. ದೊರೆಗಳು ಜಾಸ್ತಿ, ಹೆಣ ಕಮ್ಮಿ. ಎಡಗಣ್ಣು ಒಬ್ಬರಿಗೆ, ಬಲಗಣ್ಣು ಒಬ್ಬರಿಗೆ ಅಂತ ಹಂಚಿದ್ರೂ ಸಾಲಲಿಲ್ಲ. ನಮ್ಮೊಡೆಯರು, ಹಂಗಾದ್ರೆ ನಾನು ಬರೀ ಕೈ ಮುಗಿದು ಹೋಗ್ತೀನಿ ಅಂದ್ರು. ಪಟ್ಟಣದ ಪಾರುಪತ್ಯಗಾರ ಬಿಡಲಿಲ್ಲ. ಚಿತ್ರಗಾರ ಕಾಯ್ತಾ ಇದ್ದಾನೆ, ಪಟ ಇಲ್ಲದೆ ನಿಮ್ಮೂರಿಗೆ ಏನಂತ ಕಳಿಸಲಿ ಅಂದ. ಮೂಲೇಲಿ ಒಬ್ಬ ಬಿದ್ದಿದ್ದ. ಪಾರುಪತ್ಯಗಾರ ಅವನನ್ನ ತೋರಿಸಿ, ಇವನು ಹೇಗೂ ಸಂಜೆ ದಾಟಲ್ಲ, ಇವನದು ಮುಚ್ಚಿಬಿಡಿ ಅಂದ. ಒಡೆಯರು ಕೂತ್ರು. ಕೈ ಇಟ್ರು. ಅವನು ನೀರು ಕೇಳ್ತಾ ಇದ್ದ. ಚಿತ್ರ ಮುಗಿಯೋವರೆಗೂ ಕೇಳ್ತಾನೇ ಇದ್ದ. ನನ್ನ ಇನ್ನೊಂದು ಕೈಲಿ ನೀರಿನ ಚೊಂಬಿತ್ತು. ಛತ್ರಿ ಅಲ್ಲಾಡಬಾರದು, ನೆರಳು ಕೆಡುತ್ತೆ ಅಂದ ಚಿತ್ರಗಾರ. ನಾನು ಅಲ್ಲಾಡಲಿಲ್ಲ."

ದೊರೆ ಗಾಡಿಯೊಳಗೆ ಮಂಡಿಯೂರಿದ ಹಾಗೆಯೇ ಇದ್ದ. "ಅವನು ಹೇಗೂ ಸಾಯ್ತಿದ್ದ" ಎಂದ, ಯಾರ ಮುಖವನ್ನೂ ನೋಡದೆ. ಆಮೇಲೆ ಇನ್ನೂ ಮೆಲ್ಲಗೆ, "ನೀವೇ ಕಳಿಸಿದ್ರಿ" ಎಂದ.

ಬದುಕಿದ್ದವನ ಕಣ್ಣು ಮುಚ್ಚಿದ ಕೈಯನ್ನು ಸತ್ತವನ ರೆಪ್ಪೆ ನಂಬುತ್ತಿಲ್ಲ ಎಂದು ಎಲ್ಲರಿಗೂ ತಿಳಿಯಿತು. ಆದರೂ ಒಬ್ಬರೂ ಹೋಗಿ ಪಟ ಇಳಿಸಲಿಲ್ಲ. ಅಷ್ಟು ಚೆನ್ನಾದ ಪಟ.

ಉಪ್ಪಿನ ಹೆಂಗಸು ದೊರೆಯ ಅಂಗೈಯನ್ನು ನೋಡಿದಳು. ಆಮೇಲೆ ಕೇಳಿದಳು, "ಕೈ ಇಟ್ಟಿರೋವರೆಗೆ ಮುಚ್ಚಿರ್ತದೆ ತಾನೇ?"

"ಇರ್ತದೆ" ಎಂದ ದೊರೆ.

"ಹಂಗಾದ್ರೆ ಇಟ್ಟೇ ಇರಿ. ನಮ್ಮೂರಲ್ಲಿ ಗುಂಡಿ ತೋಡಿಟ್ಟಿದ್ದೀನಿ. ಅಲ್ಲಿವರೆಗೆ ಹಿಂಗೇ ಬನ್ನಿ. ಮುಖದ ಮೇಲೆ ಮಣ್ಣು ಬೀಳೋವರೆಗೆ ಇಟ್ಟಿರಿ, ಆಮೇಲೆ ಕೈ ಎಳ್ಕೊಳ್ಳಿ. ಅಷ್ಟು ಸಾಕು ಒಡೆಯಾ. ಅಷ್ಟು ಹೊತ್ತಾದ್ರೂ ಅವರು ಕತ್ತಿ ನೋಡದೆ ಇರಲಿ. ನನಗೆ ಇನ್ನೇನೂ ಬೇಡ."

ದೊರೆ ಒಪ್ಪಿದ. ಒಪ್ಪಿದ ಎಂದು ನಾನು ಒತ್ತಿ ಹೇಳುತ್ತೇನೆ. ಅವನು ಗಾಡಿಯಿಂದ ಇಳಿದು, ಕೈಯನ್ನು ಸತ್ತವನ ಕಣ್ಣಿನ ಮೇಲಿಟ್ಟುಕೊಂಡೇ, ಚಕ್ರದ ಪಕ್ಕದಲ್ಲಿ ನಡೆಯತೊಡಗಿದ. ಛತ್ರಿ ಕಟ್ಟೆಯ ಹತ್ತಿರವೇ ಬಿದ್ದಿತ್ತು. ಬಿಸಿಲು ದೊರೆಯ ನೆತ್ತಿಯನ್ನು ಸುಡುತ್ತಿತ್ತು. ನಾವೂ ಹಿಂದೆ ಹೊರಟೆವು. ಅವನ ಅಂಗೈ ಆ ಕಣ್ಣಿನ ಮೇಲಿರುವಷ್ಟು ಹೊತ್ತು ನಮ್ಮ ರೆಪ್ಪೆಗಳೂ ಕೂಡುತ್ತಿದ್ದವು, ನಡೆಯುತ್ತಲೇ ತೂಕಡಿಸುತ್ತಿದ್ದೆವು. ಗಾಡಿ ಕಲ್ಲಿನ ಮೇಲೆ ಹತ್ತಿ ಇಳಿದಾಗಲೆಲ್ಲ ಅವಳು ತಿರುಗಿ ಕೈ ಜರುಗಿತೇ ಎಂದು ನೋಡುತ್ತಿದ್ದಳು. ಜರುಗಿರಲಿಲ್ಲ. ದೊರೆಯ ತೋಳು ನಡುಗುತ್ತಿತ್ತು, ಆದರೆ ಕೈ ಅಲ್ಲೇ ಇತ್ತು. ಒಂದು ಕಡೆ ಅವಳು ತನ್ನ ನೀರಿನ ಕುಡಿಕೆಯನ್ನು ಅವನ ಬಾಯಿಗೆ ಹಿಡಿದಳು. ಅವನು ಕುಡಿದ. ಹಾಗೆ ನಡೆಯುತ್ತಿದ್ದ ದೊರೆಯನ್ನು ಯಾವ ಚಿತ್ರಗಾರನೂ ಬರೆಯಲಿಲ್ಲ.

ಉಪ್ಪಿನೂರಿನ ಗದ್ದೆಗಳು ಬೆಳ್ಳಗೆ ಕಾಣುವ ಜಾಗದಲ್ಲಿ ದಾರಿ ಕವಲೊಡೆಯುತ್ತದೆ. ಅಲ್ಲಿ ಎದುರಿನಿಂದ ಡಂಗುರದವನು ಓಡಿಬಂದ.

"ಹೊಳೆಯಾಚೆಯ ಪಟ್ಟಣಕ್ಕೆ ಮುಸುಕಿನವರು ನುಗ್ಗಿದ್ದಾರೆ! ದೊರೆಗಳೆಲ್ಲ ಹೊರಟಿದ್ದಾರೆ! ಸಾಲು ನಾಳೆ!" ಎಂದು ಸಾರಿದ. ಆಮೇಲೆ ನಮ್ಮ ದೊರೆಯನ್ನು ಗುರುತು ಹಿಡಿದು ದನಿ ತಗ್ಗಿಸಿ, "ಒಡೆಯಾ, ಈ ಸಲ ನಿಮ್ಮ ಜಾಗ ನಟ್ಟನಡುವೆ ಇಟ್ಟಿದ್ದಾರೆ" ಎಂದ.

ಗಾಡಿ ನಿಂತಿತು. ದೊರೆ ಕೈ ತೆಗೆಯಲಿಲ್ಲ. ಕತ್ತು ತಿರುಗಿಸಿ ನಮ್ಮನ್ನು ನೋಡಿದ. ಆ ನೋಟ ಇವತ್ತಿಗೂ ನನಗೆ ತಿಳಿಯುತ್ತದೆ. ಬೇಡ ಅನ್ನಿ ಎಂದು ಅವನು ಕೇಳುತ್ತಿದ್ದ. ಗುಂಡಿ ಕಾಣುತ್ತಿತ್ತು. ಅದರ ಪಕ್ಕದ ಮಣ್ಣಿನ ಗುಡ್ಡೆ ಕಾಣುತ್ತಿತ್ತು. ಒಂದು ಕೂಗಳತೆ, ಅಷ್ಟೇ.

ಉಪ್ಪಿನ ಹೆಂಗಸು ಕೂಡ ನಮ್ಮನ್ನೇ ನೋಡಿದಳು. ಅವಳಿಗೆ ಅಷ್ಟು ಹೊತ್ತಿಗೆ ಯಾರನ್ನು ಕೇಳಬೇಕು ಅನ್ನುವುದು ಗೊತ್ತಾಗಿತ್ತು.

"ನಟ್ಟನಡುವೆ ಅಂತೆ" ಎಂದು ನಮ್ಮಲ್ಲಿ ಒಬ್ಬ ಮೆಲ್ಲಗೆ ಅಂದ.

"ಈಗ ಹೊರಟ್ರೆ ಮುಟ್ಟಬಹುದು" ಎಂದ ಇನ್ನೊಬ್ಬ.

"ನಡುವೆ ಖಾಲಿ ಬಿಟ್ರೆ ಮೊದಲಿನದಕ್ಕಿಂತ ಕೇಡು" ಎಂದ ಮತ್ತೊಬ್ಬ. ಬೇಡ ಎನ್ನುವವನು ನಮ್ಮಲ್ಲಿ ಇರಲಿಲ್ಲ. ಇದ್ದರೂ ಅವನಿಗೆ ಆ ಗಳಿಗೆಯಲ್ಲಿ ನಿದ್ದೆ ಬಂದಿತ್ತು.

ದೊರೆ ಕೈ ಎತ್ತಿದ. ಕಣ್ಣು ತೆರೆಯಿತು. ಅವನು ಡಂಗುರದವನ ಹಿಂದೆ ಎಡದಾರಿ ಹಿಡಿದ. ಛತ್ರಿಯವನು ಅವನ ಜೊತೆಗೆ ಹೋಗಲಿಲ್ಲ. ಬಂದು ಎತ್ತಿನ ಹಗ್ಗವನ್ನು ಅವಳ ಕೈಯಿಂದ ತೆಗೆದುಕೊಂಡ.

ನಾವೂ ತಿರುಗಿ ಹೋಗೋಣವೆಂದುಕೊಂಡೆವು. ಅವಳು ಬಿಡಲಿಲ್ಲ. ಕೂಗಲಿಲ್ಲ, ಶಾಪ ಹಾಕಲಿಲ್ಲ. "ಬನ್ನಿ, ಮಣ್ಣು ಹಾಕೋಕೆ ಜನ ಬೇಕು" ಎಂದಳಷ್ಟೇ. ತೆರೆದ ಕಣ್ಣಿನವನಿಗೆ ಮಣ್ಣು ಹಾಕುವುದು ಅಂದರೆ ಏನೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹೋದೆವು. ಆ ಕಣ್ಣು ನಮ್ಮ ಬೆನ್ನ ಮೇಲಿರುವುದಕ್ಕಿಂತ ಹೋಗುವುದೇ ಸುಲಭವಾಗಿತ್ತು.

ಛತ್ರಿಯವನೂ ಅವಳೂ ಅವನನ್ನು ಇಳಿಸಿ ಮಲಗಿಸಿದರು. ಅವಳು ಗುಂಡಿಯೊಳಗೆ ಬಗ್ಗಿ, ಅವನ ಹುಬ್ಬಿಗೆ ಅಂಟಿದ್ದ ಉಪ್ಪನ್ನು ಬೆರಳ ತುದಿಯಿಂದ ಒಂದೊಂದಾಗಿ ತೆಗೆದಳು. "ನನಗಾಗಲಿಲ್ಲ ಕಣ್ರೀ" ಎಂದಳು ಅವನಿಗೆ. ಮೇಲೆ ಹತ್ತಿ ಬಂದು ನಮ್ಮನ್ನು ಸಾಲಾಗಿ ನಿಲ್ಲಿಸಿದಳು. ಹೌದು, ನಾವೂ ಸಾಲಾಗಿ ನಿಂತೆವು. ಒಬ್ಬೊಬ್ಬರ ಕೈಗೂ ಒಂದೊಂದು ಹಿಡಿ ಮಣ್ಣು ಕೊಟ್ಟಳು.

ಮೊದಲನೆಯವನು ಮುಖ ಪಕ್ಕಕ್ಕೆ ತಿರುಗಿಸಿ ಕೈ ಚಾಚಿದ. ಅವಳು ಅವನ ಮಣಿಕಟ್ಟು ಹಿಡಿದಳು.

"ನೋಡ್ಕೊಂಡು ಹಾಕಿ" ಎಂದಳು. "ಕಡಿದೋರು ಮುಖ ಮುಚ್ಚಿಕೊಂಡಿದ್ರು. ನೀವಾದ್ರೂ ಮುಖ ತೋರಿಸಿ."

ಅವನು ನೋಡಿದ, ಹಾಕಿದ. ಮಣ್ಣು ಕಣ್ಣಿನ ಮೇಲೆ ಬಿತ್ತು. ರೆಪ್ಪೆ ಅಲ್ಲಾಡಲಿಲ್ಲ. ಎರಡನೆಯವನು ಹಾಕಿದ. ಉಪ್ಪು ಹಾಕಿಡು ಎಂದು ತಮಾಷೆ ಮಾಡಿದವನೂ ಹಾಕಿದ. ಅವನ ಕೈಯನ್ನು ಅವಳು ಹಿಡಿಯಲೇ ಇಲ್ಲ, ಗುರುತು ಹತ್ತಿತೋ ಇಲ್ಲವೋ. ನನ್ನ ಸರದಿ ಬಂದಾಗ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು, ಇನ್ನೊಂದು ಅರ್ಧ ಕಾಣುತ್ತಿತ್ತು. ಅದು ಕತ್ತಿಯನ್ನು ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿತ್ತು. ಹಾಕಿದೆ.

ಗುಂಡಿ ತುಂಬಿತು. ಉಪ್ಪಿನ ಹೆಂಗಸು ಅಷ್ಟು ದಿನದಿಂದ ಹಿಡಿದಿಟ್ಟಿದ್ದ ಅಳು ಆಗ ಬರುತ್ತದೆ ಎಂದು ನಾವೆಲ್ಲ ಕಾದೆವು. ಬಂದಿದ್ದರೆ ನಮಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಮಣ್ಣಿನ ಪಕ್ಕದಲ್ಲಿ ಕೂತು ನಮ್ಮನ್ನು ನೋಡುತ್ತಲೇ ಇದ್ದಳು, ನಾವು ಕಣ್ಮರೆಯಾಗುವವರೆಗೂ.

ಊರಿಗೆ ಬಂದೆವು. ಕೈಕಾಲು ತೊಳೆದೆವು. ಉಂಡೆವು. ಸಾರಿಗೆ ಉಪ್ಪು ಸರಿಯಾಗಿತ್ತು. ಚಾಪೆ ಹಾಸಿ ಮಲಗಿದೆವು, ರೆಪ್ಪೆಗೆ ರೆಪ್ಪೆ ತಾನಾಗಿ ಕೂಡಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಿದ್ದೆ ಬಹಳ ಚೆನ್ನಾಗಿ ಬಂತು.